ದೇವಮ್ಮನ ಹೊಂಡದ ಲಸಿಕೆ ಮೀನುಗಳು

ಮೀನುಗಾರಿಕೆ ಇಲಾಖೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮೊನ್ನೆ ಗಂಗಾವತಿಯ ನನ್ನ ಮನೆ ಹುಡುಕಿಕೊಂಡು ಬಂದಿದ್ದರು. “ನಿಮ್ಮ ಅನುಭವ ಏನರ ಹೇಳ್ರಿ ಸರ್” ಎಂದರು. ಚಹಾ ಕುಡಿಸಿ ಒಂದು ತಾಸು ಮಾತಾಡಿದೆ. ಅವರು ಹೋದ ಮೇಲೆ ನೆನಪು ಮಾಡಿಕೊಂಡರೆ, ನಾನು ಹೇಳಿದ್ದೆಲ್ಲ ನನಗೆ ಹೊದಿಸಿದ ಶಾಲುಗಳ ಕಥೆ. ಥೂ ನಿನ್ನ, ಎಂದು ನನಗೆ ನಾನೇ ಬೈದುಕೊಂಡೆ. ಆ ಹುಡುಗಿಯರಿಗೆ ಉಪಯೋಗಕ್ಕೆ ಬರುವುದು ನಾನು ಮಾಡಿದ ತಪ್ಪುಗಳು, ಶಾಲುಗಳಲ್ಲ. ಬಾಯಿಂದ ಹೇಳಲು ನಾಚಿಕೆಯಾಯಿತು, ಬರೆಯಲು ಅಷ್ಟು ಆಗುವುದಿಲ್ಲ ನೋಡಿ.

ನಾನು ಕೆಲಸಕ್ಕೆ ಸೇರಿದ್ದು 1997ರಲ್ಲಿ, ಕೊಪ್ಪಳ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದ ವರ್ಷ. ಕಚೇರಿಗೆ ಫಲಕ ಬಂದಿತ್ತು, ಕುರ್ಚಿಗಳು ಬಂದಿರಲಿಲ್ಲ. ಸಾಹೇಬರು ನಿಂತುಕೊಂಡೇ ಕೇಳಿದರು, “ಯಾವೂರಪಾ ನಿಂದು?”

“ಮಂಗಳೂರ್ರಿ ಸರ್.”

ಅವರ ಮುಖ ಅರಳಿತು. “ಹಂಗಾದ್ರ ಮೀನಿನ ಬಗ್ಗೆ ನಿನಗ ಕಲಸೂದ ಬ್ಯಾಡ ಬಿಡು!”

ನಮ್ಮದು ಯಲಬುರ್ಗಾ ಕಡೆಯ ಮಂಗಳೂರು. ಅಲ್ಲಿ ಜೋಳ, ಕಡಲೆ ಬೆಳೆಯುತ್ತವೆ. ಬಾವಿಯಲ್ಲಿ ನೀರು ಕಾಣಬೇಕೆಂದರೆ ಸೊಂಟ ಬಗ್ಗಿಸಬೇಕು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿರಲಿ, ಊಟದ ಹೊತ್ತಿನಲ್ಲಿ ಅದರ ಹೆಸರೆತ್ತಿದರೂ ಅವ್ವ ತಟ್ಟೆ ಸರಿಸುತ್ತಿದ್ದಳು. ಇದನ್ನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಸಾಹೇಬರು ನನ್ನನ್ನು ಗಂಗಾವತಿಯ ಹೊಂಡಗಳ ಕೆಲಸಕ್ಕೆ ಹಾಕಿ ಸಹಿ ಮಾಡಿಯಾಗಿತ್ತು. ಸುದ್ದಿ ಕೇಳಿದ ಅವ್ವ, “ಸರಕಾರಿ ನೌಕರಿ ಅಂದ್ರ ಕುರ್ಚಿ ಮ್ಯಾಲ ಕುಂದ್ರೂದು ಅನ್ಕೊಂಡಿದ್ನೆಪಾ. ಇದೇನಿದು ನಾರೂ ನೌಕರಿ!” ಎಂದು ಹಣೆ ಬಡಿದುಕೊಂಡಳು.

ಗಂಗಾವತಿ ಸೀಮೆಗೆ ಕಾಲುವೆ ನೀರು ಬಂದು ಭತ್ತ ಬಂತು. ಭತ್ತದ ಬೆನ್ನಿಗೇ ಸವಳು-ಜವಳು ಬಂತು. ತಗ್ಗಿನ ಹೊಲಗಳಲ್ಲಿ ನೀರು ನಿಂತು, ಉಪ್ಪು ಮೇಲೆದ್ದು, ಭತ್ತದ ಸಸಿ ನಾಟಿದಲ್ಲೇ ಹಳದಿಯಾಗತೊಡಗಿತು. ಆಂಧ್ರದಿಂದ ಬಂದು ಕ್ಯಾಂಪುಗಳಲ್ಲಿ ನೆಲೆಸಿದ್ದ ರೈತರು ಅಂಥ ನೆಲದಲ್ಲಿ ಹೊಂಡ ತೋಡಿ ಕಾಟ್ಲಾ, ರೋಹು ಮೀನು ಸಾಕಿದರು. ಅವರನ್ನು ನೋಡಿ ನಮ್ಮವರೂ ಹೊಂಡ ತೋಡಿದರು. ಹೊಂಡ ಹೆಚ್ಚಿದಂತೆ ರೋಗವೂ ಹೆಚ್ಚಿತು. ಚಳಿ ಬೀಳುತ್ತಿದ್ದಂತೆ ಮೀನಿನ ಮೈಮೇಲೆ ಕೆಂಪು ಹುಣ್ಣು ಏಳುತ್ತಿತ್ತು, ಹೊಟ್ಟೆ ಉಬ್ಬುತ್ತಿತ್ತು, ವಾರದೊಳಗೆ ಹೊಂಡದ ದಂಡೆಗುಂಟ ಬೆಳ್ಳಗೆ ತೇಲುತ್ತಿದ್ದವು.

ನಮ್ಮ ಹತ್ತಿರ ಇದ್ದ ಮದ್ದು ಏನು? ಸುಣ್ಣ, ಅರಿಸಿಣ, ಉಪ್ಪು, ಮತ್ತು ಬಾವಿಗೆ ಹಾಕುವ ಕೆಂಪು ಪುಡಿ. ಒಮ್ಮೆ ನವಲಿ ಹತ್ತಿರದ ಒಂದು ಹೊಂಡಕ್ಕೆ ನಾನು ಆ ಕೆಂಪು ಪುಡಿಯನ್ನು ಅಂದಾಜಿನ ಮೇಲೆ ಹಾಕಿಸಿದೆ. ರೋಗದಿಂದ ಸಾಯದಿದ್ದ ಮೀನುಗಳು ನನ್ನ ಮದ್ದಿನಿಂದ ಸತ್ತವು. ಆ ಹೊಂಡದ ಯಜಮಾನ ಬೈಯಲೂ ಇಲ್ಲ, “ನಡೀರಿ ಸಾಹೇಬ್ರ, ಬಿಸಲಾಗ ನಿಂತೀರಿ, ಮಜ್ಜಿಗಿ ಕುಡೀರಿ” ಎಂದ. ಬೈದಿದ್ದರೆ ಚೆನ್ನಾಗಿತ್ತು. ಮುಂದೆ ಅಂಗಡಿಗಳಲ್ಲಿ ಮನುಷ್ಯರಿಗೆ ಕೊಡುವಂಥ ಆಂಟಿಬಯೋಟಿಕ್ ಪುಡಿಗಳು ಬಂದವು. ರೈತರು ಅವನ್ನು ಮೇವಿನಲ್ಲಿ ಕಲಸಿ ಹಾಕಿದರು. ಮೊದಲ ವರ್ಷ ರೋಗ ಕೇಳಿತು, ಮೂರನೆಯ ವರ್ಷ ಕೇಳಲಿಲ್ಲ. ರೋಗಾಣು ಆ ಪುಡಿಗೆ ಒಗ್ಗಿಕೊಂಡಿತ್ತು.

ಈ ಹೊತ್ತಿಗೆ ನನಗೆ ಡಾಕ್ಟರ್ ಸುನಂದಾ ಅವರ ಪರಿಚಯವಾಯಿತು. ಅವರು ಕರಾವಳಿಯ ಒಂದು ಪ್ರಯೋಗಾಲಯದಲ್ಲಿ ಮೀನಿನ ರೋಗಗಳ ವಿಜ್ಞಾನಿ. ಪರಿಚಯವಾದದ್ದು ಬೈಗುಳದಿಂದ. ರೋಗದ ಮಾದರಿ ಬೇಕು ಎಂದು ಇಲಾಖೆಗೆ ಕಾಗದ ಬರೆದಿದ್ದರು. ನಾನು ಸತ್ತ ಮೀನುಗಳನ್ನು ಆರಿಸಿ, ಡಬ್ಬಿಯಲ್ಲಿ ಐಸು ತುಂಬಿ ಬಸ್ಸಿನ ಮೇಲೆ ಹಾಕಿ ಕಳಿಸಿದೆ. ಐಸು ಹೊಸಪೇಟೆ ದಾಟುವ ಮೊದಲೇ ಕರಗಿತ್ತಂತೆ. ಅವರ ಉತ್ತರ ಮೂರೇ ಸಾಲು: “ನೀವು ಕಳಿಸಿದ್ದು ಮೀನಲ್ಲ, ಗೊಬ್ಬರ. ಸತ್ತ ಮೀನಿನೊಳಗೆ ಊರಿನ ಬ್ಯಾಕ್ಟೀರಿಯಾಗಳೆಲ್ಲ ಸೇರಿಕೊಳ್ಳುತ್ತವೆ, ಕೊಂದದ್ದು ಯಾವುದೆಂದು ಹೇಗೆ ಹೇಳಲಿ? ರೋಗ ಬಿದ್ದು ಇನ್ನೂ ಉಸಿರಾಡುತ್ತಿರುವ ಮೀನು ಬೇಕು.” ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಮಾತು ಸರಿಯಿತ್ತು. ಆಮೇಲೆ ಅವರೇ ಬಂದು ಕಲಿಸಿದರು. ಸಾಯಲಿರುವ ಮೀನನ್ನು ದಂಡೆಯ ಮೇಲೇ ಕೊಯ್ದು, ಮೂತ್ರಪಿಂಡಕ್ಕೆ ಹತ್ತಿಯ ಕಡ್ಡಿ ತಾಗಿಸಿ, ಮುಚ್ಚಿದ ಕೊಳವೆಯಲ್ಲಿ ಕಳಿಸುವುದು. ಮೀನು ತಿನ್ನದ ಮನೆಯವನು ವರ್ಷದೊಳಗೆ ಕಣ್ಣುಮುಚ್ಚಿ ಮೀನು ಕೊಯ್ಯುವಂತಾದೆ. ಗಂಗಾವತಿಯ ಹೊಂಡ, ಕುಷ್ಟಗಿಯ ಕೆರೆ, ಯಲಬುರ್ಗಾದಲ್ಲಿ ಮಳೆ ಬಂದ ವರ್ಷ ಮಾತ್ರ ತುಂಬುವ ಕೆರೆ, ಕೊಪ್ಪಳದ ಸುತ್ತಲಿನ ಹಳ್ಳಿಗಳು, ಎಲ್ಲ ಕಡೆಯಿಂದ ಕೊಳವೆಗಳು ಹೋದವು.

ದೇವಮ್ಮನನ್ನು ಸುನಂದಾ ಅವರಿಗೆ ತೋರಿಸಿದವನು ನಾನೇ. ದೇವಮ್ಮ ಗಂಗಾವತಿಯಿಂದ ನವಲಿ ಕಡೆ ಹೋಗುವ ದಾರಿಯಲ್ಲಿ ಒಂದು ದೊಡ್ಡ, ಒಂದು ಚಿಕ್ಕ ಹೊಂಡ ಇಟ್ಟುಕೊಂಡಿದ್ದ ಹೆಣ್ಣುಮಗಳು. ವಯಸ್ಸು ನನ್ನದೇ, ಗಂಟಲು ನನ್ನ ಎರಡರಷ್ಟು. ಅವಳ ನೆಲ ಜವಳು ಹಿಡಿದು ಹೋಗಿತ್ತು, ಮೀನು ಬಿಟ್ಟರೆ ಅಲ್ಲಿ ಬೇರೆ ಏನೂ ಬದುಕುತ್ತಿರಲಿಲ್ಲ. ಎರಡು ವರ್ಷದಿಂದ ಕೆಂಪು ಹುಣ್ಣು ಮೀನುಗಳನ್ನು ಅರ್ಧಕ್ಕರ್ಧ ಒಯ್ದಿತ್ತು. “ಮೀನ ಸಾಯೂದು ನೋಡ್ಲಿಕ್ಕ ಆಗವಲ್ದರಿ ಸಾಹೇಬ್ರ. ಮುಂಜಾನಿ ಎದ್ದು ಹೊಂಡದ ಕಡಿ ಹೋಗಾಕ ಕಾಲ ಏಳವಲ್ವು” ಎನ್ನುತ್ತಿದ್ದಳು.

ಸುನಂದಾ ಅವರು ದಂಡೆಯ ಮೇಲೆ ಕುಳಿತು ಅವಳಿಗೆ ಲಸಿಕೆಯ ವಿಷಯ ಹೇಳಿದ್ದು ನನಗೆ ಈಗಲೂ ಕಿವಿಯಲ್ಲಿದೆ. “ಮೊದಲು ನಾವು ಇಡೀ ರೋಗಾಣುವನ್ನೇ ಕೊಂದು ಮೀನಿಗೆ ಚುಚ್ಚುತ್ತಿದ್ದೆವು ದೇವಮ್ಮ. ಆದರೆ ನಿಮ್ಮ ಹೊಂಡದ ರೋಗಾಣು ಬೇರೆ, ಕುಷ್ಟಗಿ ಕೆರೆಯದು ಬೇರೆ. ಒಂದನ್ನು ತೋರಿಸಿದರೆ ಮೀನಿನ ಮೈ ಇನ್ನೊಂದನ್ನು ಗುರುತು ಹಿಡಿಯುತ್ತಿರಲಿಲ್ಲ. ಈಗ ನೀವೆಲ್ಲ ಕಳಿಸಿದ ಕೊಳವೆಗಳನ್ನು ನೋಡಿದರೆ, ಆ ಎಲ್ಲ ರೋಗಾಣುಗಳ ಹೊರಪೊರೆಯಲ್ಲೂ ಒಂದು ಪ್ರೋಟೀನು ಹೆಚ್ಚುಕಡಿಮೆ ಒಂದೇ ಥರ ಇದೆ. ಅದನ್ನು ಮಾತ್ರ ಪ್ರಯೋಗಾಲಯದಲ್ಲಿ ಬೇರೆಯಾಗಿ ತಯಾರಿಸಿದ್ದೇವೆ. ಅದಕ್ಕೆ ಜೀವ ಇಲ್ಲ, ರೋಗ ತರುವುದಿಲ್ಲ.”

ದೇವಮ್ಮ ಯೋಚಿಸಿದಳು. “ಅಂದ್ರ ಕಳ್ಳನ್ನ ಮನಿಗೆ ಕರ್ಕೊಂಡ್ ಬಂದು ತೋರ್ಸೂದು ಬ್ಯಾಡ, ಆತನ ಅಂಗಿ ತೋರಿಸಿದ್ರ ಸಾಕು ಅಂತೀರಿ.”

“ಅಷ್ಟೇ!” ಎಂದು ಸುನಂದಾ ನಕ್ಕರು. “ತೊಟ್ಟಿಯಲ್ಲಿ ಇದು ಕೆಲಸ ಮಾಡಿದೆ. ಹೊಂಡದಲ್ಲಿ ಮಾಡುತ್ತದೋ ಇಲ್ಲವೋ ಗೊತ್ತಿಲ್ಲ. ಇಲ್ಲಿ ಸೋತರೆ ಈ ಪ್ರೋಟೀನನ್ನು ಕೈಬಿಡಬೇಕಾಗುತ್ತದೆ. ಎಂಟು ವರ್ಷದ ಕೆಲಸ.”

ದೇವಮ್ಮ ತನ್ನ ಚಿಕ್ಕ ಹೊಂಡ ಕೊಡಲು ಒಪ್ಪಿದಳು. ಪರವಾನಗಿಗಳೆಲ್ಲ ಕೈಸೇರಲು ಒಂದು ವರ್ಷ ಹಿಡಿಯಿತು. ಪ್ರಯೋಗ ಮುಗಿಯುವ ತನಕ ಆ ಹೊಂಡದ ಮೀನನ್ನು ಮಾರುವಂತಿಲ್ಲ, ತಿನ್ನುವಂತಿಲ್ಲ ಎಂದು ನಾನು ದೇವಮ್ಮನಿಗೆ ತಿಳಿಸಿ ಹೇಳಿದೆ. ಹೇಳಿದ್ದು ಅವಳೊಬ್ಬಳಿಗೇ.

ಮರಿಗಳನ್ನು ಲವಂಗದ ಎಣ್ಣೆ ಬೆರೆಸಿದ ಬಕೆಟ್ಟಿಗೆ ಬಿಟ್ಟರೆ ಅವಕ್ಕೆ ಮಂಪರು ಬರುತ್ತದೆ. ಆಗ ಹೊಟ್ಟೆಗೆ ಸಣ್ಣ ಸೂಜಿಯಿಂದ ಲಸಿಕೆ ಚುಚ್ಚುವುದು. ಅರ್ಧ ಮರಿಗಳಿಗೆ ಲಸಿಕೆ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಎರಡೂ ಒಂದೇ ಹೊಂಡದಲ್ಲಿ ಇರಬೇಕಾದ್ದರಿಂದ ಗುರುತು ಬೇಕು. ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆಯಲ್ಲಿ ಒಂದು ಗುಂಪಿಗೆ ಎಡದ್ದನ್ನು, ಇನ್ನೊಂದಕ್ಕೆ ಬಲದ್ದನ್ನು ಕತ್ತರಿಸಿ ಎಂದು ಸುನಂದಾ ಬರೆದುಕೊಟ್ಟು ಹೋದರು. ನಾನು ಜಾಣ ನೋಡಿ! ಲಸಿಕೆ ಹಾಕಿದ್ದಕ್ಕೆ ಗುರುತಿದ್ದರೆ ಹಾಕದ್ದು ತಾನಾಗಿಯೇ ಗೊತ್ತಾಗುತ್ತದೆ, ಎರಡಕ್ಕೂ ಯಾಕೆ ಕತ್ತರಿ ಎಂದು ಲಸಿಕೆಯ ಮೀನುಗಳ ಬಲರೆಕ್ಕೆ ಮಾತ್ರ ಕತ್ತರಿಸಿದೆ. ಒಂದು ದಿನದ ಕೆಲಸ ಉಳಿಸಿದೆನೆಂದು ಬೀಗಿದೆ.

ತಿಂಗಳಿಗೊಮ್ಮೆ ಬಲೆ ಎಳೆದು ನಾಲ್ಕಾರು ಮೀನು ನೋಡುತ್ತಿದ್ದೆವು, ಉಳಿದವನ್ನು ನೀರಿಗೆ ಬಿಡುವುದು ಬಲೆಯವರ ಕೆಲಸ. ಬಲೆಯವರ ಮುಖಂಡ ಹುಲಿಗೆಪ್ಪ, ನನ್ನ ಹಳೆಯ ಪರಿಚಯದವನು. ನೀರಿನ ಮೇಲಿನ ಗುಳ್ಳೆ ನೋಡಿ ಕೆಳಗೆ ಯಾವ ಮೀನಿದೆ ಎಂದು ಹೇಳುತ್ತಿದ್ದ. ಬಲೆಯ ಕೆಲಸ ಮುಗಿದು ಅವರು ಒಲೆ ಹೂಡುವ ಹೊತ್ತಿಗೆ ನಾನು ರೊಟ್ಟಿ ಗಂಟು ತೆಗೆದುಕೊಂಡು ದೂರದ ಬೇವಿನ ಗಿಡದ ಕೆಳಗೆ ಹೋಗಿಬಿಡುತ್ತಿದ್ದೆ. ನೌಕರಿಯುದ್ದಕ್ಕೂ ನನ್ನ ರೂಢಿ ಅದು. ಮೀನು ಬೇಯುವ ವಾಸನೆಗೆ ನನಗೆ ರೊಟ್ಟಿ ಇಳಿಯುತ್ತಿರಲಿಲ್ಲ.

ಚಳಿ ಬಿತ್ತು, ರೋಗ ಬಂತು. ಸತ್ತವನ್ನು ದಿನಾ ಎಣಿಸಿ ಬರೆದೆ. ಕೊನೆಗೆ ನೀರು ಇಳಿಸಿ ಬದುಕಿದವನ್ನು ಎಣಿಸಿದೆವು. ಗುರುತಿನ ಮೀನು ಬೆರಳೆಣಿಕೆಯಷ್ಟು! ಗುರುತಿಲ್ಲದವೇ ಎಷ್ಟೋ ಪಾಲು ಹೆಚ್ಚು. ಸುನಂದಾ ಅವರ ಮುಖ ನೋಡಲಾಗಲಿಲ್ಲ. ಆದರೆ ಒಂದು ಸಂಗತಿ ನನ್ನನ್ನು ಕೊರೆಯಿತು. ಸತ್ತವುಗಳ ಪಟ್ಟಿಯಲ್ಲೂ ಗುರುತಿನವು ಕಡಿಮೆಯೇ ಇದ್ದವು. ಸತ್ತವುಗಳಲ್ಲಿಲ್ಲ, ಬದುಕಿದವುಗಳಲ್ಲಿಲ್ಲ, ಹೋದವೆಲ್ಲಿಗೆ? “ಕೊಕ್ಕರಿ, ನೀರುಕಾಗಿ ಒಯ್ದಿರತಾವ ತಗೋ” ಎಂದು ಸಾಹೇಬರು ವರದಿಗೆ ಸಹಿ ಹಾಕಿ ಕಳಿಸಿದರು. ಇವರು ನನ್ನನ್ನು ಸೇರಿಸಿಕೊಂಡ ಸಾಹೇಬರಲ್ಲ, ಅವರ ನಂತರ ಬಂದವರು. ಮಾತು ಒರಟು, ಮನುಷ್ಯ ಕೆಟ್ಟವರಲ್ಲ.

ಹದಿನೈದು ದಿನ ಕಳೆದಿರಬೇಕು. ಬಕೆಟ್ಟುಗಳನ್ನು ತರಲು ದೇವಮ್ಮನ ಹೊಂಡಕ್ಕೆ ಹೋದೆ. ಹುಲಿಗೆಪ್ಪ ದಂಡೆಯ ಮೇಲೆ ಕುಳಿತು ಹರಿದ ಬಲೆ ಹೆಣೆಯುತ್ತಿದ್ದ.

“ಸಾಹೇಬ್ರ, ಮುಂದಿನ ವರ್ಷನೂ ಆ ಲವಂಗದ ಮೀನ ಬಿಡ್ತೀರೇನ್ರಿ?”

“ಯಾವ ಲವಂಗದ ಮೀನು?”

“ಅವ ರೀ, ಲವಂಗದ ನೀರಾಗ ಅದ್ದಿ ರೆಕ್ಕಿ ಕತ್ರಿಸಿ ಬಿಟ್ಟಿದ್ರಲ್ಲ. ನಮ್ಮ ಪಾಲಿಗೆ ಬಂದಾವು. ಭಾಳ ಛಲೋ ಇದ್ವು.”

ಬಕೆಟ್ಟು ಅಲ್ಲೇ ಬಿಟ್ಟು ಅವನ ಹತ್ತಿರ ಹೋದೆ. “ನಿಮ್ಮ ಪಾಲಿಗೆ? ತಿಂದ್ರೇನು?”

ಹುಲಿಗೆಪ್ಪ ಬಲೆ ಕೆಳಗಿಟ್ಟ. “ಯಾಕ್ರಿ, ಹಿಂಗ್ಯಾಕ ನೋಡ್ತೀರಿ? ನಾವೇನ ಕದ್ದಿಲ್ಲರಿ. ರೆಕ್ಕಿ ಹರದ ಮೀನು ಬಲಿಯವರದು. ನಮ್ಮಪ್ಪನ ಕಾಲದಿಂದ ಹಂಗ ನಡದು ಬಂದೈತಿ. ಪ್ಯಾಟ್ಯಾಗ ಅದನ್ನ ಯಾರೂ ತಗೊಳ್ಳಂಗಿಲ್ಲ, ಹೊಂಡಕ್ಕ ತಿರುಗಿ ಬಿಟ್ರ ಗಾಯದಿಂದ ರೋಗ ಹಬ್ಬತೈತಿ. ಅದಕ್ಕ ಬಲಿ ಎಳದಾಗೆಲ್ಲ ಆರಿಸಿ ನಾವ ಇಟ್ಕೊಂತೀವಿ. ಇಷ್ಟ ವರ್ಷ ನಮ್ಮ ಜೋಡಿ ಅಡ್ಡ್ಯಾಡೀರಿ, ನಿಮಗ ಗೊತ್ತಿಲ್ಲೇನ್ರಿ?”

ಗೊತ್ತಿರಲಿಲ್ಲ! ಸುತ್ತಮುತ್ತಲ ಬಲೆಯವರಿಗೆಲ್ಲ ಗೊತ್ತಿದ್ದ ಸಂಗತಿ, ಇಷ್ಟು ವರ್ಷ ಹೊಂಡಗಳಲ್ಲೇ ಕಳೆದ ನನಗೆ ಗೊತ್ತಿರಲಿಲ್ಲ. ಮಾರಬೇಡ, ತಿನ್ನಬೇಡ ಎಂದ ಮಾತನ್ನು ದೇವಮ್ಮ ತನಗಷ್ಟೇ ಎಂದುಕೊಂಡಿದ್ದಳು, ಬಲೆಯವರ ಪಾಲನ್ನು ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅವರ ಒಲೆಯ ಹತ್ತಿರ ಒಂದು ದಿನವಾದರೂ ಕುಳಿತಿದ್ದರೆ ಗಡಿಗೆಗೆ ಏನು ಬೀಳುತ್ತದೆಂದು ಕಾಣುತ್ತಿತ್ತು. ನಾನು ಅಲ್ಲೇ ನೆಲದ ಮೇಲೆ ಅವನ ಎದುರು ಕುಳಿತೆ.

“ಹುಲಿಗೆಪ್ಪ, ಖರೇ ಹೇಳು. ಆ ಮೀನಿನ ಮೈಮ್ಯಾಲ ಹುಣ್ಣ ಇದ್ವೇನು?”

“ಏ, ಹುಣ್ಣಿದ್ದದ್ದು ತಿಂತೀವೇನ್ರಿ ನಾವು! ಅದ ಚಂದ ನೋಡ್ರಿ. ಚಳ್ಯಾಗ ಉಳದವೆಲ್ಲ ಕೆಂಪಗ ಆಗಿದ್ವು. ಈ ಲವಂಗದವು ಮಾತ್ರ ಒಂದಕ್ಕೂ ಹುಣ್ಣಿನ ಕಲಿ ಇರಲಿಲ್ಲ.”

ಹುಲಿಗೆಪ್ಪನ ಕಣ್ಣು ಎಂಥದೆಂದು ನನಗೆ ಗೊತ್ತು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಲಸಿಕೆ ಸೋತಿರಲಿಲ್ಲ, ಅದನ್ನು ನಾನು ಸಾರಿಗೆ ಹಾಕಿಸಿದ್ದೆ.

ಸಾಹೇಬರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದರು. “ವರದಿ ಹೋಗೇತಿ. ಈಗ ಮ್ಯಾಲ ಏನಂತ ಬರೀಲಿ? ನಮ್ಮ ಲಸಿಕಿ ಮೀನು ಊಟಕ್ಕ ಹೋದ್ವು ಅಂತ? ಜಿಲ್ಲಾದ ಮಾನ ಹರಾಜ ಹಾಕ್ತಿಯೇನು? ಸುಮ್ನಿರು, ಯಾರಿಗೂ ಗೊತ್ತಾಗಂಗಿಲ್ಲ.”

“ನನಗ ಗೊತ್ತಾಗೇತಲ್ರಿ ಸರ್” ಎಂದೆ. ನಾನೇನು ಧೈರ್ಯವಂತನಲ್ಲ. “ಆ ಸುನಂದಾ ಬಾಯಾರ ಎಂಟು ವರ್ಷದ ಕೆಲಸ ನನ್ನ ಕತ್ರಿಯಿಂದ ಹಾಳಾತು. ಸುಮ್ನಿದ್ರ ಆ ಪ್ರೋಟೀನು ಕಸದ ಬುಟ್ಟಿಗೆ ಹೋಗತೈತಿ.”

ಸಾಹೇಬರು ಕನ್ನಡಕ ಎತ್ತಿ ಮತ್ತೆ ಹಾಕಿಕೊಂಡರು. ಆಮೇಲೆ ಬಿಳಿ ಹಾಳೆಯೊಂದನ್ನು ನನ್ನ ಕಡೆ ತಳ್ಳಿದರು. “ತಪ್ಪ ನಂದು ಅಂತ ನಿನ್ನ ಅಕ್ಷರದಾಗ ಬರಿ. ಕೆಳಗ ಸಹಿ ನಾನೂ ಮಾಡ್ತೀನಿ. ನೀ ಒಬ್ಬನ ಬೈಸ್ಕೊಂಡ್ರ ನಿನಗ ತಡ್ಕೊಳ್ಳಾಕ ಆಗಂಗಿಲ್ಲ.” ನನ್ನ ನೌಕರಿಯಲ್ಲಿ ಯಾವ ಸಾಹೇಬರ ಬಾಯಿಂದಲೂ ಅಷ್ಟು ದೊಡ್ಡ ಮಾತು ಕೇಳಿಲ್ಲ.

ಸುನಂದಾ ಅವರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಬೈಗುಳಕ್ಕೆ ಕಾದು ಕುಳಿತೆ. ಬಂದ ಮೊದಲ ಮಾತು, “ತಿಂದವರಿಗೆ ಏನೂ ಆಗಿಲ್ಲ ತಾನೇ?”

“ಏನೂ ಆಗಿಲ್ಲ ಮೇಡಂ. ಮುಂದಿನ ವರ್ಷನೂ ಬೇಕು ಅಂತಾರೆ.”

ಅವರು ನಗತೊಡಗಿದರು. “ಊಟ ಮಾಡಿದವರ ಸಾಕ್ಷಿಯನ್ನು ಯಾವ ಸಮಿತಿಯೂ ಒಪ್ಪುವುದಿಲ್ಲ ಸರ್. ಆದರೆ ಹುಣ್ಣಿರಲಿಲ್ಲ ಎಂದರಲ್ಲ, ನನಗೆ ಈವತ್ತಿಗೆ ಅಷ್ಟು ಸಾಕು.” ಅವರೂ ಒಂದು ಪತ್ರ ಬರೆದರು, ನಮ್ಮ ತಪ್ಪೊಪ್ಪಿಗೆಯನ್ನು ಅದಕ್ಕೆ ಸೇರಿಸಿದರು. ಮೇಲಿನಿಂದ ನನಗೊಂದು ನೋಟೀಸು ಬಂತು, ಪ್ರಯೋಗಕ್ಕೆ ಇನ್ನೊಂದೇ ಒಂದು ಅವಕಾಶ ಬಂತು.

ಎರಡನೆಯ ಸಲ ನಾನು ಜಾಣತನ ಮಾಡಲಿಲ್ಲ. ಹುಲಿಗೆಪ್ಪನನ್ನೂ ಅವನ ಜೊತೆಯವರನ್ನೂ ಮೊದಲೇ ಕೂಡಿಸಿ, ಸುನಂದಾ ಅವರಿಂದ ಎಲ್ಲ ಬಿಡಿಸಿ ಹೇಳಿಸಿದೆ. ಅವರ ಪಾಲಿನ ಮೀನನ್ನು ಆ ವರ್ಷ ದೊಡ್ಡ ಹೊಂಡದಿಂದ ಕೊಡುವುದೆಂದು ದೇವಮ್ಮ ಒಪ್ಪಿದಳು. “ಮದಲ ಹೇಳಿದ್ರ ಒಂದ ಮೀನೂ ಮುಟ್ತಿರಲಿಲ್ರಿ ಬಾಯಾರ” ಎಂದು ಹುಲಿಗೆಪ್ಪ ಕೈಮುಗಿದ. ನಾನು ತಲೆ ತಗ್ಗಿಸಿದೆ. ರೆಕ್ಕೆ ಕತ್ತರಿಸುವ ಕೆಲಸವನ್ನು ಅವನೇ ಮಾಡಿದ, ನನಗಿಂತ ಸೊಗಸಾಗಿ. ಒಂದು ತೊಟ್ಟಿಯ ಮರಿಗಳಿಗೆ ಎಡ, ಇನ್ನೊಂದರವಕ್ಕೆ ಬಲ. ಈ ಸಲ ಸೂಜಿಯನ್ನು ಸುನಂದಾ ಅವರೇ ಚುಚ್ಚಿದರು. ಯಾವ ತೊಟ್ಟಿಗೆ ಲಸಿಕೆ ಹಾಕಿದೆಯೆಂದು ಸುನಂದಾ ಒಂದು ಚೀಟಿಯಲ್ಲಿ ಬರೆದು, ಲಕೋಟೆಗೆ ಅರಗು ಹಾಕಿ, ಸಾಹೇಬರ ಕಪಾಟಿನಲ್ಲಿ ಇಡಿಸಿದರು. ಹೊಂಡದ ಮೇಲಿದ್ದ ನಮಗ್ಯಾರಿಗೂ ಅದು ಗೊತ್ತಿರಲಿಲ್ಲ.

ಆ ವರ್ಷ ರೋಗ ಜೋರಾಗಿಯೇ ಬಂತು. ದೊಡ್ಡ ಹೊಂಡದಲ್ಲೂ ಬಂತು, ಚಿಕ್ಕದರಲ್ಲೂ ಬಂತು. ದೇವಮ್ಮ ದಿನಾ ಮುಂಜಾನೆ ಸತ್ತ ಮೀನುಗಳನ್ನು ತಾನೇ ಹೊರತೆಗೆದು ನನ್ನ ಮುಂದೆ ಸಾಲಾಗಿ ಇಡುತ್ತಿದ್ದಳು. ಅವಳ ಗಂಟಲು ಅಡಗಿದ್ದನ್ನು ನಾನು ನೋಡಿದ್ದು ಆಗ ಮಾತ್ರ.

ಕೊನೆಯ ಎಣಿಕೆಯ ದಿನ ಸಾಹೇಬರೇ ಲಕೋಟೆ ಹಿಡಿದುಕೊಂಡು ಬಂದರು. ಹುಲಿಗೆಪ್ಪ ಒಂದೊಂದೇ ಮೀನು ಎತ್ತಿ, ಹೊಟ್ಟೆ ಮೇಲೆ ಮಾಡಿ, “ಎಡಾ… ಬಲಾ… ಎಡಾ… ಎಡಾ…” ಎಂದು ಕೂಗುತ್ತ ಎರಡು ತೊಟ್ಟಿಗಳಿಗೆ ಬಿಟ್ಟ. ಹೊತ್ತು ಹೋದಂತೆ ಎಡದ ತೊಟ್ಟಿ ತುಂಬುತ್ತ ಬಂತು. ಬಲದ್ದರಲ್ಲಿ ತಳದ ನೀರು ಕಾಣುತ್ತಿತ್ತು. ಎಡದ್ದು ಲಸಿಕೆಯದಾದರೆ ಎಲ್ಲ ಉಳಿಯಿತು, ಬರೀ ಉಪ್ಪುನೀರಿನದಾದರೆ ಎಲ್ಲ ಹೋಯಿತು. ಸುನಂದಾ ಅವರಿಗೆ ಉತ್ತರ ಗೊತ್ತಿತ್ತು. ಅವರು ಮೊದಲಿನಿಂದಲೂ ನಮಗೆ ಬೆನ್ನು ಹಾಕಿ ಕಾಲುವೆಯ ಕಡೆ ನೋಡುತ್ತ ನಿಂತಿದ್ದರು. ತಮ್ಮ ಮುಖ ನೋಡಿ ಯಾರಾದರೂ ಎಣಿಕೆ ತಪ್ಪಿಸಿಯಾರು ಎಂಬ ಅಂಜಿಕೆ ಅವರಿಗೆ.

ಸಾಹೇಬರು ಅರಗು ಒಡೆದು ಚೀಟಿ ತೆಗೆದರು. ತಾವು ಓದದೆ, ಮಡಿಚಿದಂತೆಯೇ ನನಗೆ ಕೊಟ್ಟರು. “ಲಸಿಕೆ: ಎಡ” ಎಂದಿತ್ತು. ನಾನು ಕೂಗಿದ್ದು ಕ್ಯಾಂಪಿನವರೆಗೆ ಕೇಳಿತಂತೆ. ಹುಲಿಗೆಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಗಾಳಿಗೆ ಹಾರಿಸಿದ. ಸುನಂದಾ ತಿರುಗಿದಾಗ ಕಣ್ಣು ಕೆಂಪಾಗಿದ್ದವು. ಆ ಎಂಟು ವರ್ಷಕ್ಕೆ ಇನ್ನೂ ಮೂರು ಕೂಡಿದ್ದವಲ್ಲ.

ಇದನ್ನು ಓದುವವರು ಲಸಿಕೆ ಅಂಗಡಿಗೆ ಯಾವಾಗ ಬಂತು ಎಂದು ಕೇಳಬಹುದು. ಇನ್ನೂ ಬಂದಿಲ್ಲ. ಸಾವಿರಾರು ಮೀನುಗಳಿಗೆ ಸೂಜಿ ಚುಚ್ಚುತ್ತ ಕೂರಲು ಆಗುವುದಿಲ್ಲ, ಮೇವಿನಲ್ಲೇ ಕೊಡುವ ದಾರಿ ಹುಡುಕುತ್ತಿದ್ದಾರೆ. ಮನೆಗೆ ಬಂದಿದ್ದ ಹುಡುಗಿಯರೇ, ನೀವು ಸೇರಿರುವುದು ಆ ಕೆಲಸಕ್ಕೇ. ಇದೆಲ್ಲ ಮುಗಿಯುವ ಮಾತೇ ಎಂದು ಬೇಸರ ಬಂದ ದಿನ, ಅಂದು ಎಣಿಕೆ ಮುಗಿದ ಮೇಲೆ ನಡೆದದ್ದನ್ನು ನೆನಪಿಡಿ.

ದೇವಮ್ಮ ಎರಡೂ ತೊಟ್ಟಿಗಳ ನಡುವೆ ನಿಂತಿದ್ದಳು. “ಹಂಗಾರ ಬರೂ ವರ್ಷ ನನ್ನ ಎಲ್ಲಾ ಮೀನಿಗೂ ಇದನ್ನ ಹಾಕ್ತೀರಿಲ್ರಿ ಬಾಯಾರ?”

ಸುನಂದಾ ಅವರ ನಗು ಇಳಿಯಿತು. “ಇಲ್ಲ ದೇವಮ್ಮ. ಒಂದು ಹೊಂಡದಲ್ಲಿ ಒಮ್ಮೆ ಗೆದ್ದರೆ ಸಾಲದು. ಇನ್ನೂ ದೊಡ್ಡ ಹೊಂಡಗಳಲ್ಲಿ, ಇನ್ನೂ ಕೆಲವು ವರ್ಷ ನೋಡಬೇಕು. ಪ್ರತಿ ಸಲವೂ ಅರ್ಧ ಮೀನಿಗೆ ಲಸಿಕೆ ಹಾಕದೆ ಬಿಡಬೇಕು.”

ದೇವಮ್ಮ ಬಲದ ತೊಟ್ಟಿಯಲ್ಲಿ ಉಳಿದಿದ್ದ ನಾಲ್ಕಾರು ಮೀನುಗಳನ್ನು ನೋಡಿದಳು. ಸೆರಗಿನಿಂದ ಕೈ ಒರೆಸಿಕೊಂಡಳು.

“ಹಂಗಾರ ದೊಡ್ಡ ಹೊಂಡ ತಗೋರಿ.”

“ಅರ್ಧ ಸಾಯ್ತಾವಂತ ಗೊತ್ತಿದ್ದೂ ಕೊಡ್ತೀರೇನ್ರಿ?” ಎಂದು ನಾನು ಕೇಳಿಬಿಟ್ಟೆ.

“ಈಗೂ ಅರ್ಧ ಸಾಯ್ತಾವಲ್ರಿ ಸಾಹೇಬ್ರ” ಎಂದಳು ದೇವಮ್ಮ. “ಇಷ್ಟ ದಿನ ಸುಮ್ಮ್‌ಸುಮ್ನ ಸಾಯ್ತಿದ್ವು. ಇನ್ನ ಮ್ಯಾಲ ಒಂದ ಕೆಲಸಕ್ಕರ ಬರ್ಲಿ.”